ಮಾವ ಮಾಡಿದ ಕೊಕ್ಕೆ ಜೋಡಿ

"ಎರಡಿದ್ಯಲ್ಲ, ಒಂದೊಂದು ತಗೊಳ್ಳಿ" ಎಂದವಳು ನಾನೇ. ಆರು ವರ್ಷದ ಹಿಂದಿನ ಮಾತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನನ್ನ ಆ ಮಾತು ಮಾತ್ರ ಎಲ್ಲಿಗೂ ಹೋಗಲಿಲ್ಲ. ನಮ್ಮ ಶೆಡ್ಡಿನ ಗೋಡೆಯ ಮೊಳೆಗೆ ನೇತುಬಿದ್ದುಕೊಂಡು ಆರು ವರ್ಷ ಅಲ್ಲೇ ಇತ್ತು.

ನಮ್ಮ ಮಾವನಿಗೆ ಬೀದಿಯವರು ಇಟ್ಟ ಹೆಸರು ಜಾಕಿ ಮೇಸ್ತ್ರಿ. ಕಾರು ರಿಪೇರಿಯ ಶೆಡ್ಡು ಅವರದು. ಟೂಲನ್ನು ಅಂಗಡಿಯಿಂದ ಕೊಂಡು ತರುವುದೆಂದರೆ ಅವರಿಗೆ ಪಕ್ಕದ ಮನೆಯಿಂದ ಊಟ ಕೇಳಿ ತಂದಷ್ಟು ನಾಚಿಕೆ. ಗುಜರಿಯಲ್ಲಿ ಆರಿಸಿ ತಂದ ಕಬ್ಬಿಣವನ್ನು ಹಿಂದೆ ಮುಂದೆ ತಿರುಗಿಸಿ, "ಇದರೊಳಗೊಂದು ಟೂಲು ಮಲಗಿದೆ ಕಣಮ್ಮ, ಎಬ್ಬಿಸ್ಬೇಕು ಅಷ್ಟೆ" ಎನ್ನುತ್ತಿದ್ದರು. ಹಾಗೆ ಎಬ್ಬಿಸಿದ್ದರಲ್ಲಿ ಅವರಿಗೆ ಎಲ್ಲಕ್ಕಿಂತ ಹೆಮ್ಮೆಯದು ಕೊಕ್ಕೆ ಜೋಡಿ. ಒಂದೇ ತರಹದ ಎರಡು ಹಳೆಯ ಲಾರಿ ಜಾಕಿಗಳನ್ನು ಬಿಚ್ಚಿ, ಒಳಗಿನ ದಪ್ಪ ಹಲ್ಲಿನ ಸ್ಕ್ರೂ ರಾಡುಗಳನ್ನು ತೆಗೆದು, ಒಂದೊಂದು ರಾಡಿಗೂ ಲಾರಿಯ ಪಟ್ಟಿ ಸ್ಪ್ರಿಂಗಿನಿಂದ ಕೆಳಗೊಂದು ಮೇಲೊಂದು ಕೊಕ್ಕೆ ಕೂರಿಸಿದ್ದರು. ಒಂದರ ಮೇಲೆ ಪಂಚ್ ಹೊಡೆದು ಒಂದು ಚುಕ್ಕೆ, ಇನ್ನೊಂದರ ಮೇಲೆ ಎರಡು ಚುಕ್ಕೆ.

ಕಾರಿನ ಮುಂದಿನ ಚಕ್ರದ ಹತ್ತಿರ ಶಾಕ್ ಅಬ್ಸಾರ್ಬರಿಗೆ ಸುತ್ತಿಕೊಂಡ ಹಾಗೆ ಒಂದು ದೊಡ್ಡ ಸ್ಪ್ರಿಂಗ್ ಇರುತ್ತದೆ. ಅದನ್ನು ಹಾಗೇ ಬಿಚ್ಚಿದರೆ ಸಿಡಿದು ಎದುರಿಗಿದ್ದವರ ಎದೆ ಒಡೆಯುತ್ತದೆ. ಅದಕ್ಕೇ ಮೊದಲು ಅಮುಕಿ ಹಿಡಿಯಬೇಕು. ಸ್ಪ್ರಿಂಗಿನ ಆ ಕಡೆ ಒಂದು, ಈ ಕಡೆ ಒಂದು ಕೊಕ್ಕೆ ಹಾಕಿ, ಎರಡು ರಾಡನ್ನೂ ಸಮಸಮವಾಗಿ ತಿರುಗಿಸುತ್ತ ಬಂದರೆ ಅದು ಹೇಳಿದ ಮಾತು ಕೇಳುವ ಮಗುವಿನಂತೆ ಕುಗ್ಗುತ್ತದೆ. ಒಂದೇ ಕಡೆ ಎಳೆದರೆ ಬಾಗಿ ಕೊಕ್ಕೆ ಕಿತ್ತುಕೊಳ್ಳುತ್ತದೆ. ಇದೆಲ್ಲ ನನಗೆ ಈಗ ಗೊತ್ತು. ಆರು ವರ್ಷದ ಹಿಂದೆ ನನ್ನ ಪಾಲಿಗೆ ಅದು ಎರಡು ಕಬ್ಬಿಣದ ಸಾಮಾನು, ಅಷ್ಟೆ.

ನಮ್ಮ ಯಜಮಾನರಿಗೂ ಅವರ ತಮ್ಮನಿಗೂ ಜಗಳ ಶುರುವಾದದ್ದು ಯಾರದೋ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿದ್ದು ಯಾರ ತಪ್ಪು ಎಂಬಲ್ಲಿಂದ. ಇಬ್ಬರದೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಶೆಡ್ಡು ಪಾಲಾಗುವ ಮಟ್ಟಕ್ಕೆ ಬಂತು. ಮಾವ ಒಂದು ಡ್ರಮ್ಮು ಮಗುಚಿಹಾಕಿಕೊಂಡು ಮಧ್ಯೆ ಕೂತಿದ್ದರು. ಸ್ಪಾನರ್, ಸುತ್ತಿಗೆ, ಚೈನು ಎಲ್ಲ ಮುಗಿದು ಕೊನೆಗೆ ಉಳಿದದ್ದು ಕೊಕ್ಕೆ ಜೋಡಿ. ಇಬ್ಬರೂ ಅದು ನನಗೇ ಬೇಕು ಎಂದು ಕೂತರು. ಅರ್ಧ ಗಂಟೆ ಅದೇ ರಗಳೆ. ನನಗೋ ಒಲೆಯ ಮೇಲೆ ಪಾತ್ರೆ ಇಟ್ಟು ಬಂದ ಅವಸರ. ನಡುವೆ ಬಾಯಿ ಹಾಕಿ ಆ ಮಾತು ಆಡಿಬಿಟ್ಟೆ.

ಮಾವ ನನ್ನ ಮುಖ ನೋಡಿದರು. ಬಾಯಿ ತೆರೆದರು, ಮತ್ತೆ ಮುಚ್ಚಿಕೊಂಡರು. ಅಣ್ಣ ತಮ್ಮ ಒಬ್ಬರನ್ನೊಬ್ಬರು ನೋಡಿಕೊಂಡರು. "ಒಂದೇ ಇದ್ರೆ ಕೆಲಸಕ್ಕೆ ಬರಲ್ಲ" ಎಂದು ಯಾರು ಮೊದಲು ಬಾಯಿಬಿಟ್ಟರೂ ಇನ್ನೊಬ್ಬ "ಹಾಗಿದ್ರೆ ಎರಡೂ ನಂಗೆ ಕೊಡು" ಎನ್ನುತ್ತಾನೆ. ಆ ಭಯಕ್ಕೆ ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಇವರು ಒಂದು ಚುಕ್ಕೆಯದನ್ನು ಎತ್ತಿಕೊಂಡರು, ಮೈದುನ ಎರಡು ಚುಕ್ಕೆಯದನ್ನು. ಜೋಡಿ ಚಪ್ಪಲಿಯಲ್ಲಿ ಒಂದೊಂದು ಹಂಚಿಕೊಂಡ ಹಾಗೆ. ನನ್ನ ಜಾಣತನಕ್ಕೆ ನಾನೇ ಬೀಗಿ ಒಳಗೆ ಹೋದೆ.

ಆಮೇಲೆ ಶೆಡ್ಡನ್ನೂ ಅದಕ್ಕೆ ಅಂಟಿದ ಮನೆಯನ್ನೂ ಎರಡು ಮಾಡಿ ನಡುವೆ ಗೋಡೆ ಎದ್ದಿತು. ನಮ್ಮ ಬಾಗಿಲು ಮುಂದಿನ ಬೀದಿಗೆ, ಅವರದು ಹಿಂದಿನ ಬೀದಿಗೆ. ಎರಡು ವರ್ಷದಲ್ಲಿ ಮಾವ ತೀರಿಕೊಂಡರು. ಇವರು ಹಾರ್ಡ್‌ವೇರ್ ಅಂಗಡಿಯಿಂದ ಉದ್ದನೆಯ ಥ್ರೆಡ್ ರಾಡು ತಂದು, ಗುಜರಿ ಪಟ್ಟಿ ಬಗ್ಗಿಸಿ ಇನ್ನೊಂದು ಕೊಕ್ಕೆ ಮಾಡಿಕೊಂಡರು. ಅಂಗಡಿಯ ರಾಡಿನದು ಸಣ್ಣ ಹಲ್ಲು. ಮಾವನದು ಒಂದು ಸುತ್ತು ತಿರುಗಿದರೆ ಇವರದು ಮೂರು ಸುತ್ತು ತಿರುಗಬೇಕು. ಗಟ್ಟಿಯಾಗಿ ಎಣಿಸಿಕೊಂಡು ತಿರುಗಿಸುತ್ತಿದ್ದರು. "ಈ ವಯಸ್ಸಲ್ಲಿ ಮಗ್ಗಿ ಕಲೀತಿದೀರಾ?" ಎಂದು ನಾನು ಒಳಗಿನಿಂದ ರೇಗಿಸುತ್ತಿದ್ದೆ. ಮೈದುನನೂ ತನ್ನದಕ್ಕೊಂದು ಜೊತೆ ಮಾಡಿಕೊಂಡ ಎಂದು ಕೇಳಿದ್ದೆ. ಆಮೇಲೆ ಸ್ಪ್ರಿಂಗ್ ಕೆಲಸವನ್ನೇ ಬಿಟ್ಟ ಎಂದೂ ಕೇಳಿದೆ. ಗಿರಾಕಿಗಳು ಕೈಬಿಟ್ಟಿರಬೇಕು ಎಂದುಕೊಂಡು ಖುಷಿಪಟ್ಟೆ. ಸುಳ್ಳು ಯಾಕೆ ಹೇಳಲಿ?

ಎರಡು ಮೂರು ವರ್ಷದಿಂದ ಅವನದೊಂದು ಹೊಸ ಚಾಳಿ ಬೇರೆ. ಬೀದಿಯಲ್ಲಿ ನಾನು ಎದುರಾದರೆ ಸಾಕು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಆ ಕಡೆ ತಿರುಗುತ್ತಿದ್ದ. ನನ್ನನ್ನು ನೋಡಿ ಮುಸಿಮುಸಿ ನಗುತ್ತಾನೆ ಎಂದು ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಮನೆಗೆ ಬಂದು ಆ ಗೋಡೆಯ ಕಡೆ ಮುಖ ಮಾಡಿ, ಅವರಿಗೆ ಕೇಳಲಿ ಎಂದೇ ಬೈಯುತ್ತಿದ್ದೆ. ದಿನಾ ಬೈಯುತ್ತಿದ್ದೆ.

ಆ ದಿನ ಮಧ್ಯಾಹ್ನ ಒಂದೂವರೆ ಇರಬೇಕು. ಊಟಕ್ಕೆ ಎರಡು ಸಲ ಕರೆದಾಗಿತ್ತು. ತಟ್ಟೆ ಇಡುತ್ತಿದ್ದೆ, ಶೆಡ್ಡಿನಿಂದ ಠಣ್ ಎಂದು ಸದ್ದಾಯಿತು. ಶೆಡ್ಡಿನಲ್ಲಿ ಸದ್ದಾದರೆ ಹಿಂದೆಯೇ ಬೈಗುಳ ಬರಬೇಕು, ಅದು ಇವರ ಪದ್ಧತಿ. ಬೈಗುಳ ಬರಲಿಲ್ಲ.

ಓಡಿದೆ. ಇವರು ಬೆಂಚಿನ ಮೇಲೆ ಬಾಗಿ ನಿಂತಿದ್ದರು. ಬೆಂಚಿಗೆ ಕೂರಿಸಿದ ಕಬ್ಬಿಣದ ಇಕ್ಕಳದಂಥ ವೈಸಿನಲ್ಲಿ ಶಾಕ್ ಅಬ್ಸಾರ್ಬರ್ ನೆಟ್ಟಗೆ ಬಿಗಿದಿತ್ತು. ಅದರ ಮೇಲಿನ ಸ್ಪ್ರಿಂಗ್ ಮಾತ್ರ ಒಂದು ಕಡೆಗೆ ಬಾಗಿ ಕುಕ್ಕರಿಸಿಕೊಂಡಿತ್ತು. ಇವರು ಮಾಡಿದ ಕೊಕ್ಕೆ ನೆಲದಲ್ಲಿ ಬಿದ್ದಿತ್ತು. ಅದರ ರಾಡಿನ ಹಲ್ಲೆಲ್ಲ ಸವೆದು ಕೂದಲಿನಂತೆ ಎಳೆ ಎಳೆ ಎದ್ದಿತ್ತು. ಇನ್ನೊಂದು ಕಡೆ ಮಾವನ ಒಂದು ಚುಕ್ಕೆಯ ಕೊಕ್ಕೆ ಒಂಟಿಯಾಗಿ ಇಡೀ ಸ್ಪ್ರಿಂಗನ್ನು ಹಿಡಿದುಕೊಂಡಿತ್ತು. ಆ ಕಡೆ ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಆ ಸುತ್ತುಗಳ ನಡುವೆ ಇವರ ಬಲಗೈಯ ಬೆರಳುಗಳಿದ್ದವು.

"ರೀ!"

"ಕಿರಿಚ್ಬೇಡ. ಹತ್ರ ಬರ್ಬೇಡ. ಬೆಂಚು ಮುಟ್ಬೇಡ." ಹಲ್ಲು ಕಚ್ಚಿಕೊಂಡು ಒಂದೊಂದೇ ಮಾತು ಆಡಿದರು. ಮುಖ ಬೂದಿಯ ಬಣ್ಣಕ್ಕೆ ಬಂದಿತ್ತು. ಕೈ ಸಿಕ್ಕಿಕೊಂಡದ್ದರಿಂದ ಮುಖ ಹಿಂದಕ್ಕೆ ಸರಿಸುವಂತಿರಲಿಲ್ಲ. ಸ್ಪ್ರಿಂಗಿನ ತಲೆಗೂ ಇವರ ಗದ್ದಕ್ಕೂ ಒಂದು ಗೇಣು ದೂರ.

"ಮೇಲಿನ ನಟ್ಟು ಬಿಚ್ಚಿಬಿಟ್ಟಿದೀನಿ" ಎಂದರು. "ಇನ್ನೇನೂ ಹಿಡ್ಕೊಂಡಿಲ್ಲ. ಅಪ್ಪಂದೊಂದೇ ಹಿಡ್ಕೊಂಡಿದೆ. ಅದೂ ಜಾರ್ತಿದೆ, ನೋಡು."

ನೋಡಿದೆ. ಮಾವನ ಕೊಕ್ಕೆಯ ತುದಿ ಸ್ಪ್ರಿಂಗಿನ ಕಪ್ಪು ಬಣ್ಣದ ಮೇಲೆ ಕೂತಿತ್ತು. ಅದರ ಪಕ್ಕದಲ್ಲಿ ಬಣ್ಣ ಕೆರೆದು ಉಗುರಿನಷ್ಟು ಅಗಲ ಬೆಳ್ಳಗೆ ಹೊಳೆಯುತ್ತಿತ್ತು. ನಾನು ನೋಡುತ್ತಿದ್ದ ಹಾಗೇ ಆ ಬಿಳಿ ಒಂದು ಕೂದಲೆಳೆಯಷ್ಟು ಬೆಳೆಯಿತು.

"ಫೈರ್ ಸರ್ವೀಸಿಗೆ ಫೋನ್ ಮಾಡ್ತೀನಿ. ಕತ್ತರಿಸ್ತಾರೆ."

"ಕತ್ತರಿಸಿದ್ರೆ ಸಿಡಿಯತ್ತೆ. ಸಡಿಲ ಮಾಡಿದ್ರೂ ಸಿಡಿಯತ್ತೆ." ಉಸಿರು ಎಳೆದುಕೊಂಡರು. "ಈ ಕಡೆ ಇನ್ನೊಂದು ಕೊಕ್ಕೆ ಹಾಕಿ ನೆಟ್ಟಗೆ ಮಾಡ್ಬೇಕು. ಆಮೇಲೆ ಎರಡೂ ಒಟ್ಟಿಗೆ ಸಡಿಲ ಮಾಡ್ಬೇಕು. ಅವನ ಹತ್ರ ಇದೆಯಲ್ಲ, ಅಪ್ಪಂದು."

ಆರು ವರ್ಷದಲ್ಲಿ ಇವರ ಬಾಯಲ್ಲಿ 'ಅವನು' ಎಂಬ ಮಾತು ಬಂದದ್ದು ಅದೇ ಮೊದಲು.

ಸುತ್ತಿಗೆ ಎತ್ತಿಕೊಂಡು ಗೋಡೆ ಬಡಿಯಲು ಹೋದೆ. "ಬೇಡ!" ಎಂದರು. ಆಗ ನೆನಪಾಯಿತು, ಬೆಂಚನ್ನು ಆ ಗೋಡೆಗೇ ಬೋಲ್ಟ್ ಹಾಕಿ ಬಿಗಿದಿದ್ದರು. ಗೋಡೆ ಅದುರಿದರೆ ಬೆಂಚು ಅದುರುತ್ತದೆ, ಬೆಂಚು ಅದುರಿದರೆ ಕೊಕ್ಕೆ. ಸುತ್ತಿಗೆ ನೆಲಕ್ಕಿಟ್ಟು, ಗೋಡೆಗೆ ಮುಖ ಮಾಡಿ ಕೂಗಿದೆ. "ಯಾರಾದ್ರೂ ಇದೀರಾ? ಬನ್ನಿ! ಬೇಗ ಬನ್ನಿ!" ಆ ಕಡೆ ಪಾತ್ರೆ ತೊಳೆಯುವ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ನಾನು ಕೂಗಿದ ಹಾಗೆಲ್ಲ ಅಲ್ಲಿ ನಲ್ಲಿಯನ್ನು ಇನ್ನಷ್ಟು ಜೋರು ಬಿಟ್ಟರು. ಯಾಕೆ ಬಿಡಬಾರದು? ದಿನಾ ಇದೇ ಹೊತ್ತಿಗೆ, ಇದೇ ಗಂಟಲಿನಲ್ಲಿ, ಇದೇ ಗೋಡೆಗೆ ಬೈದವಳು ನಾನು. ಇವತ್ತಿನ ಕೂಗು ಬೇರೆ ಎಂದು ಆ ಇಟ್ಟಿಗೆಗೆ ಹೇಗೆ ಗೊತ್ತಾಗಬೇಕು?

"ಓಡು" ಎಂದರು ಇವರು.

ಕಾಲಿಗೆ ಏನೂ ಹಾಕಿಕೊಳ್ಳದೆ ಓಡಿದೆ. ನಮ್ಮ ಬೀದಿಯ ತುದಿಗೆ ಹೋಗಿ, ಟೈರ್ ಅಂಗಡಿಯ ಮೂಲೆ ತಿರುಗಿ, ಹಿಂದಿನ ಬೀದಿ ಹಿಡಿದು ವಾಪಸ್ ಬರಬೇಕು. ಗೋಡೆಯ ಆಚೆಗೆ ಹೋಗಲು ಅಷ್ಟು ದೂರ. ಬಿಸಿಲಿಗೆ ಕಾಯ್ದ ರಸ್ತೆ ಅಂಗಾಲು ಸುಡುತ್ತಿತ್ತು. ದಾರಿಯುದ್ದಕ್ಕೂ ಕಿವಿಯಲ್ಲಿ ಒಂದೇ, ಈಗ ಠಣ್ ಅನ್ನುತ್ತದೆ, ಈಗ ಠಣ್ ಅನ್ನುತ್ತದೆ. ದೇವರೇ, ಅಷ್ಟು ಹೊತ್ತು ಹಿಡಿದಿರಲಿ ಎಂದು ಬೇಡಿಕೊಂಡೆ. ಬೇಡಿಕೊಂಡದ್ದು ದೇವರನ್ನೋ ಸತ್ತ ಮಾವನನ್ನೋ ನನಗೇ ಗೊತ್ತಿಲ್ಲ.

ವಾರಗಿತ್ತಿ ಒಬ್ಬಳೇ ಇದ್ದಳು. ಮೈದುನ ಪಾರ್ಟ್ಸ್ ತರಲು ಪೇಟೆಗೆ ಹೋಗಿದ್ದ. ನನ್ನನ್ನು ಬಾಗಿಲಲ್ಲಿ ಕಂಡು ಅವಳ ಕೈಯಲ್ಲಿದ್ದ ಪಾತ್ರೆ ಸಿಂಕಿಗೆ ಜಾರಿತು. ಒಂದು ಕ್ಷಣ ಅವಳ ಮುಖ ಗಟ್ಟಿಯಾಯಿತು. ಬೈಗುಳದ ಎರಡನೇ ಕಂತನ್ನು ಮನೆ ಬಾಗಿಲಿಗೇ ತಂದಿದ್ದಾಳೆ ಎಂದುಕೊಂಡಿರಬೇಕು.

"ಕೊಕ್ಕೆ" ಎಂದೆ. ಉಸಿರು ಸಿಗುತ್ತಿರಲಿಲ್ಲ. "ಮಾವನ ಕೊಕ್ಕೆ ಕೊಡು. ಅವ್ರ ಕೈ ಸಿಕ್ಕೊಂಡಿದೆ."

ಅವಳು ಯಾಕೆ, ಏನು ಎಂದು ಕೇಳಲಿಲ್ಲ. ಮುಖದ ಬಣ್ಣವೆಲ್ಲ ಇಳಿದುಹೋಯಿತು. "ಸ್ಪ್ರಿಂಗಾ?" ಎಂದಳು. "ಮೇಲಿನ ನಟ್ಟು ಬಿಚ್ಚಿದಾರಾ?"

"ಬಿಚ್ಚಿದೀನಿ ಅಂದ್ರು."

ಒದ್ದೆ ಕೈಯಲ್ಲೇ ಶೆಡ್ಡಿಗೆ ನುಗ್ಗಿದಳು. ಮೇಲಿನ ಹಲಗೆಯ ಹಿಂದಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ತೆಗೆದಳು. ಒಳಗೆ ಎರಡು ಚುಕ್ಕೆಯ ಕೊಕ್ಕೆ, ಎಣ್ಣೆ ಹಚ್ಚಿ ಮಗುವಿನಂತೆ ಮಲಗಿಸಿಟ್ಟದ್ದು. ಎರಡು ಸ್ಪಾನರ್ ಎತ್ತಿಕೊಂಡಳು. ಮೂಲೆಯಲ್ಲಿದ್ದ ಚೈನು ಹೆಗಲಿಗೆ ಹಾಕಿಕೊಂಡಳು. ಹೊರಡುವಾಗ ಬಾಗಿಲ ಹಿಂದಿನ ಬೈಕ್ ಹೆಲ್ಮೆಟ್ಟನ್ನೂ ಕಿತ್ತುಕೊಂಡಳು. ಇವಳಿಗೇನು ತಲೆ ಕೆಟ್ಟಿದೆಯಾ, ಬೈಕಿನಲ್ಲಿ ಹೋಗುವಷ್ಟು ದೂರವಾ ಎಂದು ಆ ಸ್ಥಿತಿಯಲ್ಲೂ ನನಗೆ ಸಿಟ್ಟು ಬಂತು.

ಶೆಡ್ಡಿಗೆ ಬಂದಾಗ ಆ ಬಿಳಿ ಗುರುತು ಎರಡು ಉಗುರಿನಷ್ಟಾಗಿತ್ತು. ಇವರ ಕಣ್ಣು ಮುಚ್ಚಿಹೋಗುತ್ತಿತ್ತು. ಕಾಲು ನಡುಗುತ್ತಿತ್ತು. ಬಿದ್ದುಬಿಟ್ಟರೆ ಇವರ ಭಾರವೆಲ್ಲ ಆ ಕೈಯ ಮೇಲೆ, ಆ ಕೊಕ್ಕೆಯ ಮೇಲೆ.

ವಾರಗಿತ್ತಿ ಬೆಂಚಿನ ಹತ್ತಿರ ಕಾಲ ತುದಿಯಲ್ಲಿ ಹೋದಳು. "ಭಾವ, ಮೊದ್ಲು ಮುಖ" ಎಂದು ಮೆಲ್ಲಗೆ ಹೇಳಿ ಹೆಲ್ಮೆಟ್ಟನ್ನು ಇವರ ತಲೆಗೆ ಇಳಿಸಿದಳು. ಗಾಜು ಕೆಳಗೆ ಎಳೆದಳು. ಆಮೇಲೆ ಚೈನನ್ನು ಸ್ಪ್ರಿಂಗಿನ ಮೇಲಿನ ಸುತ್ತುಗಳೊಳಗೆ ತೂರಿಸಿ ವೈಸಿಗೆ ಸುತ್ತಿ ಕಟ್ಟಿದಳು. ಸೂಜಿಗೆ ದಾರ ಪೋಣಿಸುವವರ ಕೈಯಷ್ಟು ನಿಧಾನ. ಒಬ್ಬ ಹೆಂಗಸಿಗೆ ಇದೆಲ್ಲ ಎಲ್ಲಿಂದ ಗೊತ್ತು ಎಂದು ಕೇಳಲು ನನಗೆ ಆಗ ಹೊಳೆಯಲಿಲ್ಲ.

ಎರಡು ಚುಕ್ಕೆಯ ಕೊಕ್ಕೆಯನ್ನು ತೆರೆದ ಕಡೆಗೆ ಹಾಕಬೇಕು. ಮೇಲಿನದು ಹಿಡಿಯಿತು. ಕೆಳಗಿನದು ಹಿಡಿಯಲಿಲ್ಲ. ಇನ್ನೊಮ್ಮೆ ಹಾಕಿದಳು, ಜಾರಿತು. ಸ್ಪ್ರಿಂಗ್ ಕಿರ್ರೆಂದಿತು. ಹೆಲ್ಮೆಟ್ಟಿನ ಒಳಗಿನಿಂದ "ಅಮ್ಮಾ" ಎಂಬ ದನಿ ಬಂತು. ಮಾವ ಸತ್ತಾಗಲೂ ಅಳದ ಮನುಷ್ಯ ಅದು. ಅವಳು ಕಣ್ಣು ಮುಚ್ಚಿ, ಎರಡು ಸಲ ಉಸಿರಾಡಿ, ಮೂರನೇ ಸಲ ಹಾಕಿದಳು. ಕೊಕ್ಕೆ ಕೂತಿತು.

ರಾಡು ಬಿಗಿಯುತ್ತ ಹೋದಳು. ಬಾಗಿದ್ದ ಸ್ಪ್ರಿಂಗ್ ಸ್ವಲ್ಪ ಸ್ವಲ್ಪವೇ ನೆಟ್ಟಗಾಯಿತು. ಬಿಳಿ ಗುರುತು ಬೆಳೆಯುವುದು ನಿಂತಿತು. ನಾನು ಅಳುತ್ತಿದ್ದೆನಂತೆ, ನನಗೆ ಗೊತ್ತಿಲ್ಲ.

"ಅಕ್ಕ, ಇನ್ನೊಂದು ಸ್ಪಾನರ್ ಹಿಡ್ಕೊಳ್ಳಿ" ಎಂದಳು.

"ನಂಗೆ ಬರಲ್ಲ. ನಾನ್ಯಾವತ್ತೂ..."

"ನಂಗೊಬ್ಳಿಗೇ ಆಗಲ್ಲ. ಎರಡೂ ಒಟ್ಟಿಗೆ ಬಿಡ್ಬೇಕು. ನಾನು ಅರ್ಧ ಸುತ್ತು ಬಿಡ್ತೀನಿ, ಅರ್ಧ ಅಂತೀನಿ. ಆಮೇಲೆ ನೀವು ಅರ್ಧ ಬಿಡಿ. ನೀವೂ ಬಾಯ್ಬಿಟ್ಟು ಹೇಳ್ಬೇಕು. ಹೇಳೋವರೆಗೂ ನಾನು ಮುಟ್ಟಲ್ಲ."

ಮಾವನ ಎರಡು ಕೊಕ್ಕೆ ಎದುರುಬದುರು ನಿಂತಿದ್ದವು. ಆ ಕಡೆ ಅವಳು, ಈ ಕಡೆ ನಾನು. ನಡುವೆ ಹೆಲ್ಮೆಟ್ ಹಾಕಿಕೊಂಡ ಇವರ ತಲೆ.

"ಅರ್ಧ" ಎಂದಳು.

ನಾನು ತಿರುಗಿಸಿದೆ. ಅಷ್ಟು ದಪ್ಪ ಹಲ್ಲಿನ ರಾಡು, ಎಣ್ಣೆ ಕುಡಿದು ಮೆತ್ತಗೆ ತಿರುಗಿತು. "ಅರ್ಧ" ಎಂದೆ.

"ಅರ್ಧ."

"ಅರ್ಧ."

ಆರು ವರ್ಷ ಮಾತಿಲ್ಲದೆ ಇದ್ದ ಇಬ್ಬರ ನಡುವೆ ಆಡಿದ್ದು ಇದೊಂದೇ ಮಾತು, ಮತ್ತೆ ಮತ್ತೆ. ಸ್ಪ್ರಿಂಗಿನ ಸುತ್ತುಗಳು ಕಾಣದಷ್ಟು ನಿಧಾನವಾಗಿ ಬಿಡಿಸಿಕೊಳ್ಳತೊಡಗಿದವು. ಬೆರಳು ಸಿಕ್ಕಿದ್ದ ಜಾಗದಿಂದ ರಕ್ತ ಇಳಿದು ವೈಸಿನ ಮೇಲೆ ಹರಿಯಿತು. ಇಷ್ಟು ಹೊತ್ತು ಹಿಂಡಿ ನಿಂತಿದ್ದ ರಕ್ತ ಅದು. ಇವರು ಕೂಗಿದರು. ಆ ಕೂಗು ಕೇಳಿ ನನಗೆ ತಡೆಯಲಾಗಲಿಲ್ಲ. ಒಂದು ಸಲ ಬೇಗ ಬಿಟ್ಟುಬಿಟ್ಟರೆ ಮುಗಿದೇಹೋಗುತ್ತದಲ್ಲ ಎನ್ನಿಸಿ, ಅರ್ಧ ಸುತ್ತು ಮುಗಿಸಿ, ಅವಳ ಸರದಿಯಲ್ಲೂ ಅರ್ಧ ಸುತ್ತು ಬಿಟ್ಟುಬಿಟ್ಟೆ.

ಸ್ಪ್ರಿಂಗ್ ನನ್ನ ಕಡೆಗೆ ವಾಲಿತು. ಕೊಕ್ಕೆ ಟಿಕ್ ಎಂದಿತು.

"ನಿಲ್ಸಿ!" ಎಂದಳು. ಕಿರುಚಲಿಲ್ಲ, ಆದರೆ ನಾನು ಕಲ್ಲಾದೆ. "ನೀವು ಅರ್ಧ ಮುಂದೆ ಹೋದ್ರಿ ಅಕ್ಕ. ವಾಪಸ್ ಬಿಗೀರಿ."

"ಬಿಗಿದ್ರೆ ನೋವಾಗತ್ತೆ ಅವ್ರಿಗೆ!"

"ಆಗತ್ತೆ. ಬಿಗೀರಿ."

ನನ್ನ ಕೈಯಾರೆ ಅರ್ಧ ಸುತ್ತು ವಾಪಸ್ ಬಿಗಿದೆ. ಇವರ ಬಾಯಿಂದ ಬಂದ ಸದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಯಾವಾಗಲೂ ಎಲ್ಲರಿಗಿಂತ ಮುಂದೆ ಹೋಗಿ ಬಾಯಿ ಹಾಕುವ ನನ್ನ ಬುದ್ಧಿಗೆ ಅವತ್ತು ಸರಿಯಾದ ಶಿಕ್ಷೆ ಆಯಿತು. ಆದರೆ ಅದನ್ನು ಅನುಭವಿಸಿದ್ದು ಇವರ ಕೈ.

"ಅರ್ಧ" ಎಂದಳು ಅವಳು ಮತ್ತೆ, ಏನೂ ಆಗಿಲ್ಲವೆಂಬಂತೆ.

ನಲವತ್ತೋ ಐವತ್ತೋ ಸಲ ಆದ ಮೇಲೆ ಬೆರಳುಗಳು ಬಿಡುಗಡೆಯಾದವು. ನಾನು ಅತ್ತ ನೋಡಲಿಲ್ಲ. ಇವರು ಹಿಂದಕ್ಕೆ ಕುಸಿದರು. ವಾರಗಿತ್ತಿ ಹೆಲ್ಮೆಟ್ ಸಮೇತ ತಲೆಯನ್ನು ತೊಡೆಗೆ ಆನಿಸಿಕೊಂಡು ಟವೆಲ್ಲಿನಿಂದ ಕೈ ಸುತ್ತಿದಳು. ಟೈರ್ ಅಂಗಡಿಯವನ ವ್ಯಾನಿನಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದೆವು. ಹೊರಡುವಾಗ ತಿರುಗಿ ನೋಡಿದೆ. ಸಡಿಲವಾದ ಸ್ಪ್ರಿಂಗಿನ ಎರಡು ಕಡೆ ಮಾವನ ಎರಡು ಕೊಕ್ಕೆ ಇನ್ನೂ ಹಿಡಿದುಕೊಂಡೇ ನಿಂತಿದ್ದವು.

ಆಪರೇಷನ್ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು. ಅದರ ಆ ತುದಿಗೆ ಅವಳು, ಈ ತುದಿಗೆ ನಾನು. ನನ್ನ ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು. ಅವಳ ಕೈಯಲ್ಲಿ ಪಾತ್ರೆಯ ಸೋಪು ಇವರ ರಕ್ತದ ಜೊತೆ ಒಣಗುತ್ತಿತ್ತು. ಇಬ್ಬರೂ ಗೋಡೆ ನೋಡಿಕೊಂಡು ಕೂತೆವು. ಗೋಡೆ ನೋಡುವುದು ನಮಗೆ ಅಭ್ಯಾಸವೇ.

"ಹೆಲ್ಮೆಟ್ ತರ್ಬೇಕು ಅಂತ ಹೇಗೆ ಹೊಳೀತು ನಿಂಗೆ?" ಎಂದೆ ಕೊನೆಗೆ.

ಅವಳು ತನ್ನ ಕೈ ನೋಡಿಕೊಂಡಳು. "ನಮ್ಮನೇಲಿ ಎರಡೂವರೆ ವರ್ಷದ ಹಿಂದೆ ಇದೇ ಆಯ್ತು ಅಕ್ಕ. ಅವ್ರು ಮಾಡ್ಕೊಂಡಿದ್ದ ಕೊಕ್ಕೆ ಕಿತ್ಕೊಂಡು ಬಂತು. ಇನ್ನೊಂದು ಸ್ಪಾನರ್ ಹಿಡ್ಕೊಂಡಿದ್ದೋಳು ನಾನು. ನಂಗೇನೂ ಆಗ್ಲಿಲ್ಲ. ಅವ್ರ ಬಾಯಿಗೆ ಹೊಡೀತು. ಮುಂದಿನ ಹಲ್ಲು ಅಷ್ಟೂ ಹೋಯ್ತು, ದವಡೆಗೆ ತಂತಿ ಹಾಕಿದ್ರು. ಆವತ್ತಿಂದ ಯಾರ ಎದುರಿಗೂ ಬಾಯ್ಬಿಡಲ್ಲ. ಕೈ ಅಡ್ಡ ಇಟ್ಕೋತಾರೆ."

ಎರಡೂವರೆ ವರ್ಷ ಆ ಕೈಯನ್ನು ನೋಡಿ ನಾನು ಆಡಿದ ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ಹಲ್ಲು ಕಳೆದುಕೊಂಡವನು ಮನೆಯೊಳಗೆ ಕೂತು ಗೋಡೆಯ ಆಚೆಯಿಂದ ಅವನ್ನೆಲ್ಲ ಕೇಳಿಸಿಕೊಂಡಿದ್ದಾನೆ.

"ಅಣ್ಣಂಗೆ ಹೇಳ್ಬೇಕು, ನೀನು ಮಾಡಿದ ಕೊಕ್ಕೇನೂ ಕಿತ್ಕೊಳ್ಳತ್ತೆ, ಹುಷಾರಾಗಿರು ಅಂತ ಹೇಳಿ ಬರ್ತೀನಿ ಅಂತ ಹೊರಟಿದ್ರು" ಎಂದಳು ಅವಳು. ಈಗ ಅಳುತ್ತಿದ್ದಳು. "ತಂತಿ ಕಟ್ಟಿದ ಬಾಯಲ್ಲೇ ಹೊರಟಿದ್ರು. ನಾನೇ ಬಿಡ್ಲಿಲ್ಲ. ಅಲ್ಲಿ ಹೋದ್ರೆ ಅಕ್ಕ ನಗ್ತಾರೆ, ಹೋಗ್ಬೇಡಿ ಅಂದೆ. ನಾನು ಬಿಟ್ಟಿದ್ರೆ ಇವತ್ತು ಭಾವಂಗೆ ಇದಾಗ್ತಿರ್ಲಿಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ನಾನು ನಗುತ್ತಿದ್ದೆ. ಬೆಂಚಿನ ಈ ತುದಿಯಿಂದ ಆ ತುದಿಗೆ ಸರಿದು ಅವಳ ಕೈ ಹಿಡಿದುಕೊಂಡೆ. ಸೋಪು ಅಂಟಂಟಾಗಿತ್ತು.

ಅಷ್ಟರಲ್ಲಿ ಟೈರ್ ಅಂಗಡಿಯವನಿಂದ ಸುದ್ದಿ ತಿಳಿದು ಮೈದುನ ಬಂದ. ಪಾರ್ಟ್ಸಿನ ಡಬ್ಬ ಇನ್ನೂ ಕಂಕುಳಲ್ಲೇ ಇತ್ತು. ಓಡಿಬಂದವನು ನನ್ನನ್ನು ನೋಡಿ ನಿಂತ. ಕೈ ತಾನಾಗಿಯೇ ಬಾಯಿಗೆ ಹೋಯಿತು. ನಾನು ಎದ್ದು ನಿಂತೆ.

"ಕೈ ತೆಗಿಯಪ್ಪ" ಎಂದೆ. "ನಂಗೆ ಗೊತ್ತಾಯ್ತು."

ಅವನು ಹೆಂಡತಿಯ ಕಡೆ ನೋಡಿದ. ಆಮೇಲೆ ನಿಧಾನವಾಗಿ ಕೈ ಇಳಿಸಿದ. ಮೂವತ್ತೆಂಟು ವರ್ಷದವನ ಬಾಯಿ ಮುದುಕನ ಬಾಯಿಯಂತೆ ಒಳಗೆ ಎಳೆದುಕೊಂಡಿತ್ತು. ನಾನು ಈ ಮನೆಗೆ ಬಂದಾಗ ಅವನು ಹೈಸ್ಕೂಲಿನಲ್ಲಿದ್ದ, ಹಲ್ಲು ಬಿಟ್ಟರೆ ಮನೆ ತುಂಬ ಬೆಳಕಾಗುತ್ತಿತ್ತು.

"ಎಲ್ಲ ನನ್ನಿಂದಾನೇ" ಎಂದೆ. "ಒಂದೊಂದು ತಗೊಳ್ಳಿ ಅಂದೋಳು ನಾನೇ."

"ನೀವು ಅಂದ್ರಿ ಅತ್ತಿಗೆ" ಎಂದ. ಹಲ್ಲಿಲ್ಲದ ಬಾಯಿಯಿಂದ ಮಾತು ಗಾಳಿಯ ಜೊತೆ ಬಂತು. "ನಿಮ್ಗೆ ಗೊತ್ತಿರ್ಲಿಲ್ಲ. ಗೊತ್ತಿದ್ದೋರು ಮೂರು ಜನ ಇದ್ವಲ್ಲ ಅಲ್ಲಿ. ಅಪ್ಪ, ಅಣ್ಣ, ನಾನು. ನಾವ್ಯಾಕೆ ಸುಮ್ನಿದ್ವಿ?"

ಮೂವರೂ ಅದೇ ಬೆಂಚಿನ ಮೇಲೆ ಕೂತೆವು.

ಡಾಕ್ಟರು ಬಂದು ಎರಡು ಬೆರಳು ತೆಗೆಯಬೇಕಾಯಿತು, ಉಳಿದವು ಉಳಿಯುತ್ತವೆ ಎಂದರು. ಹಿಡಿತ ಮೊದಲಿನ ಹಾಗೆ ಬರುವುದಿಲ್ಲ ಎಂದೂ ಹೇಳಿದರು. ಸ್ಪಾನರ್ ಹಿಡಿಯುವ ಕೈ ಅದು. ಇನ್ನು ಇವರು ಎದ್ದು ಆ ಕೈಯನ್ನು ನೋಡಿಕೊಳ್ಳುವ ಗಳಿಗೆ ಬರುತ್ತದಲ್ಲ, ಅದನ್ನು ಹೇಗೆ ಎದುರಿಸಲಿ ಎಂದು ತಿಳಿಯದೆ ಗೋಡೆಗೆ ಒರಗಿ ಕೂತೆ.

ಒಂದು ಗಂಟೆಯ ಮೇಲೆ ನರ್ಸು ಬಾಗಿಲು ತೆರೆದು ಕೇಳಿದಳು. "ಪೇಷಂಟಿಗೆ ಎಚ್ಚರ ಆಗಿದೆ. ಕಡೆಯವ್ರು ಯಾರು?"

ಮೂವರೂ ಎದ್ದೆವು.

"ಮೂರು ಜನ ಆಗಲ್ಲ. ಒಬ್ರು ಬನ್ನಿ ಸಾಕು."

ಮೈದುನ ಹಿಂದೆ ಸರಿದು ನನಗೆ ದಾರಿ ಬಿಟ್ಟ. ನಾನು ಅವನ ಕಂಕುಳಿಂದ ಪಾರ್ಟ್ಸಿನ ಡಬ್ಬ ತೆಗೆದುಕೊಂಡೆ. ತೋಳು ಹಿಡಿದು ಬಾಗಿಲ ಕಡೆ ತಿರುಗಿಸಿದೆ.

"ನೀನು ಹೋಗು" ಎಂದೆ. "ಬಾಯಿಗೆ ಕೈ ಇಟ್ಕೋಬೇಡ. ಅವ್ರು ನೋಡ್ಲಿ."